ಬಿಳಿ ಕಾಲನಿ ಕಂಡ ಕೂಡಲೇ ‘ಅಂಟುವುದಿಲ್ಲ’ ಎನ್ನಬೇಡಿ: ಜೀವಂತ ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ಜೋಡಿ ಪತ್ತೆ ಮಾಡುವ ಬಗೆ

ಎರಡು ಪ್ರೋಟೀನುಗಳು ಒಂದಕ್ಕೊಂದು ಅಂಟುತ್ತವೆಯೇ ಎಂದು ಕೋಶವನ್ನು ಒಡೆಯದೆ ನೋಡಲು ಬ್ಯಾಕ್ಟೀರಿಯಲ್ ಟೂ-ಹೈಬ್ರಿಡ್ ಅಗ್ಗದ ದಾರಿ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಕರಿಮೋವಾ, ಲಾಡಾಂ ಮತ್ತು ಸಂಗಡಿಗರು ಇದನ್ನು 1998ರಲ್ಲಿ ಪ್ರಕಟಿಸಿದರು. ನಾಯಿಕೆಮ್ಮಿನ ರೋಗಾಣುವಿನಲ್ಲಿರುವ ಅಡೆನಿಲೇಟ್ ಸೈಕ್ಲೇಸ್ ಕಿಣ್ವವನ್ನು ಟಿ25, ಟಿ18 ಎಂದು ಎರಡು ತುಂಡು ಮಾಡಿದರೆ ಯಾವ ತುಂಡೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದು ತುಂಡಿಗೆ ನಿಮ್ಮ ಮೊದಲ ಪ್ರೋಟೀನನ್ನೂ ಇನ್ನೊಂದಕ್ಕೆ ಎರಡನೆಯದನ್ನೂ ಬೆಸೆಯಿರಿ. ಪ್ರೋಟೀನುಗಳು ಅಂಟಿದರೆ ತುಂಡುಗಳು ಹತ್ತಿರ ಬಂದು ಎಟಿಪಿಯಿಂದ ಸೈಕ್ಲಿಕ್ ಎಎಂಪಿ ತಯಾರಾಗುತ್ತದೆ. ಆಗ ಲ್ಯಾಕ್ ಮತ್ತು ಮಾಲ್ಟೋಸ್ ಜೀನುಗಳು ಎಚ್ಚರಗೊಂಡು ಪ್ಲೇಟಿನ ಮೇಲಿನ ಕಾಲನಿಗೆ (ಬ್ಯಾಕ್ಟೀರಿಯಾ ಗುಂಪಿಗೆ) ಬಣ್ಣ ಬರುತ್ತದೆ, ಇಲ್ಲದಿದ್ದರೆ ಅದು ಬಿಳಿಯಾಗಿಯೇ ಉಳಿಯುತ್ತದೆ.

ಬೇಕಾಗುವುದು ನಾಲ್ಕು ಪ್ಲಾಸ್ಮಿಡ್ (ಜೀನನ್ನು ಕೋಶದೊಳಗೆ ಒಯ್ಯುವ ಡಿಎನ್‌ಎ ಉಂಗುರ). ಪಿಕೆಟಿ25 ಮತ್ತು ಪಿಕೆಎನ್‌ಟಿ25 ಕನಾಮೈಸಿನ್ ನಿರೋಧಕ, ಪಿಯುಟಿ18 ಮತ್ತು ಪಿಯುಟಿ18ಸಿ ಆಂಪಿಸಿಲಿನ್ ನಿರೋಧಕ. ಆತಿಥೇಯ ತಳಿ ತನ್ನದೇ ಅಡೆನಿಲೇಟ್ ಸೈಕ್ಲೇಸ್ ಇಲ್ಲದ ಇ. ಕೋಲಿ ಬಿಟಿಎಚ್101. ಸಕಾರಾತ್ಮಕ ಕಂಟ್ರೋಲ್‌ಗೆ ಲ್ಯೂಸಿನ್ ಝಿಪ್ಪರ್ (ತನ್ನಂಥದ್ದಕ್ಕೇ ಗಟ್ಟಿಯಾಗಿ ಅಂಟುವ ಪ್ರೋಟೀನ್ ತುಣುಕು) ಹೊತ್ತ ಝಿಪ್ ಜೋಡಿ.

ಮೊದಲು ಕಾಗದದ ಮೇಲೆ: ಯಾವ ತುದಿ ಒಳಗಿದೆ?

ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲಿಯೇ, ಅದೂ ಪಿಪೆಟ್ ಹಿಡಿಯುವ ಮೊದಲೇ. ಎಟಿಪಿ ಇರುವುದು ಕೋಶರಸದಲ್ಲಿ. ಆದ್ದರಿಂದ ಟಿ25, ಟಿ18 ಎರಡೂ ಕೋಶರಸದ ಕಡೆಗೇ ಚಾಚಿರಬೇಕು. ಪೊರೆಯ ಆಚೆ, ಪೆರಿಪ್ಲಾಸಂಗೆ ಹೋದ ತುಂಡು ಪ್ರೋಟೀನುಗಳು ಎಷ್ಟೇ ಗಟ್ಟಿಯಾಗಿ ಅಂಟಿದ್ದರೂ ಬಣ್ಣ ಕೊಡುವುದಿಲ್ಲ.

ಪ್ಲಾಸ್ಮಿಡ್ ಆಯ್ಕೆ ಇದರ ಮೇಲೆ ನಿಂತಿದೆ. ಪಿಕೆಟಿ25 ಮತ್ತು ಪಿಯುಟಿ18ಸಿಯಲ್ಲಿ ತುಂಡು ನಿಮ್ಮ ಪ್ರೋಟೀನಿನ ಎನ್-ತುದಿಗೆ, ಅಂದರೆ ಆರಂಭದ ತುದಿಗೆ ಬರುತ್ತದೆ. ಪಿಕೆಎನ್‌ಟಿ25 ಮತ್ತು ಪಿಯುಟಿ18ರಲ್ಲಿ ಸಿ-ತುದಿಗೆ, ಅಂದರೆ ಕೊನೆಯ ತುದಿಗೆ. ಇ. ಕೋಲಿಯ ಕೋಶ ವಿಭಜನೆಯ ಪ್ರೋಟೀನುಗಳನ್ನೇ ನೋಡಿ. ಎಫ್‌ಟಿಎಸ್‌ಕ್ಯೂ, ಎಫ್‌ಟಿಎಸ್‌ಎಲ್, ಎಫ್‌ಟಿಎಸ್‌ಬಿ ಮೂರಕ್ಕೂ ಎನ್-ತುದಿ ಕೋಶರಸದಲ್ಲಿ, ಉಳಿದ ದೊಡ್ಡ ಭಾಗ ಪೆರಿಪ್ಲಾಸಂನಲ್ಲಿ. ಇವುಗಳಿಗೆ ಪಿಕೆಟಿ25, ಪಿಯುಟಿ18ಸಿ ಮಾತ್ರ. ಇನ್ನೊಂದು ವಿಭಜನಾ ಪ್ರೋಟೀನು ಝಿಪ್‌ಎ (ಮೇಲಿನ ಝಿಪ್ ಜೋಡಿಯಲ್ಲ) ಇದಕ್ಕೆ ತದ್ವಿರುದ್ಧ: ಎನ್-ತುದಿ ಹೊರಗೆ, ಸಿ-ತುದಿ ಒಳಗೆ. ಅದಕ್ಕೆ ಪಿಕೆಎನ್‌ಟಿ25 ಅಥವಾ ಪಿಯುಟಿ18 ಬೇಕು. ಅಂಟುವ ಜಾಗವೇ ಪೆರಿಪ್ಲಾಸಂನಲ್ಲಿದ್ದರೆ ಅಡ್ಡಿಯಿಲ್ಲ. ತುಂಡುಗಳು ಒಳಗಿದ್ದರೆ ಸಾಕು.

ತುದಿ ಒಳಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ, ಆ ತುದಿಯೇ ಅಂಟುವ ಜಾಗವೂ ಆಗಿರಬಹುದು. ಎಫ್‌ಟಿಎಸ್‌ಝಡ್ ತನ್ನ ಸಿ-ತುದಿಯ ಪುಟ್ಟ ಪೆಪ್ಟೈಡ್ ಮೂಲಕ ಝಿಪ್‌ಎ ಮತ್ತು ಎಫ್‌ಟಿಎಸ್‌ಎಗಳನ್ನು ಹಿಡಿಯುತ್ತದೆ. ಅಲ್ಲಿಗೆ ದಪ್ಪನೆಯ ತುಂಡು ಕಟ್ಟಿದರೆ ಹಿಡಿತ ಸಡಿಲಾಗಬಹುದು. ಈ ಜೋಡಿಗೆ ಎಫ್‌ಟಿಎಸ್‌ಝಡ್ ಅನ್ನು ಪಿಕೆಟಿ25ರಲ್ಲಿ, ಝಿಪ್‌ಎಯನ್ನು ಪಿಯುಟಿ18ರಲ್ಲಿ ಇಡುವುದು ಸರಿ.

ತುದಿಗಳ ಸಂಗತಿ ತಿಳಿಯದಿದ್ದರೆ ಎರಡೂ ಪ್ರೋಟೀನುಗಳನ್ನು ನಾಲ್ಕೂ ಪ್ಲಾಸ್ಮಿಡ್‌ಗಳಿಗೆ ಸೇರಿಸಿ, ಎಂಟೂ ಜೋಡಣೆ ಪರೀಕ್ಷಿಸಿ. ಒಂದೇ ಜೋಡಣೆ ಮಾಡಿ ‘ಅಂಟುವುದಿಲ್ಲ’ ಎಂದು ಬರೆಯುವ ಅಡ್ಡದಾರಿ ಬೇಡ. ಸಿಗ್ನಲ್ ಪೆಪ್ಟೈಡ್ ಇರುವ, ಪೂರ್ತಿ ಹೊರಗೆ ಹೋಗುವ ಪ್ರೋಟೀನುಗಳಿಗೆ ಈ ವಿಧಾನವೇ ಒಗ್ಗುವುದಿಲ್ಲ.

ಪಿಕೆಎನ್‌ಟಿ25, ಪಿಯುಟಿ18ಕ್ಕೆ ಹಾಕುವ ಜೀನಿನಲ್ಲಿ ಸ್ಟಾಪ್ ಕೋಡಾನ್ ಉಳಿಯಬಾರದು. ಉಳಿದರೆ ತುಂಡು ಹುಟ್ಟುವುದೇ ಇಲ್ಲ. ಓದುವ ಚೌಕಟ್ಟನ್ನು ಪ್ರತಿ ಪ್ಲಾಸ್ಮಿಡ್‌ಗೂ ಬೇರೆಬೇರೆಯಾಗಿ ಪರಿಶೀಲಿಸಿ, ಎರಡೂ ಸಂಧಿಗಳನ್ನು ಸೀಕ್ವೆನ್ಸ್ ಮಾಡಿಸಿ.

ಕ್ಲೋನಿಂಗ್, ನಂತರ ಜೋಡಿ ಪ್ಲಾಸ್ಮಿಡ್

ಕ್ಲೋನಿಂಗನ್ನು ಡಿಎಚ್5ಆಲ್ಫಾ ಅಥವಾ ಎಕ್ಸ್‌ಎಲ್1-ಬ್ಲೂನಲ್ಲಿ ಮಾಡಿ, ಬಿಟಿಎಚ್101ರಲ್ಲಿ ಬೇಡ. ಅದರಲ್ಲಿ ರೆಕ್‌ಎ (ಡಿಎನ್‌ಎ ತುಣುಕುಗಳನ್ನು ಮರುಜೋಡಿಸುವ ಪ್ರೋಟೀನ್) ಕೆಲಸ ಮಾಡುತ್ತಿರುವುದರಿಂದ ಪ್ಲಾಸ್ಮಿಡ್‌ಗಳು ಮರುಜೋಡಣೆಗೊಳ್ಳುವ ಅಪಾಯವಿದೆ.

ಬಿಟಿಎಚ್101ರ 100 ಮೈಕ್ರೋಲೀಟರ್ ಕಾಂಪಿಟೆಂಟ್ ಕೋಶಕ್ಕೆ ಎರಡೂ ಪ್ಲಾಸ್ಮಿಡ್ ತಲಾ 50 ನ್ಯಾನೋಗ್ರಾಂ ಹಾಕಿ. ಮಂಜಿನಲ್ಲಿ 30 ನಿಮಿಷ, 42 ಡಿಗ್ರಿಯಲ್ಲಿ 1 ನಿಮಿಷ, ಎಲ್‌ಬಿ ಸೇರಿಸಿ 30 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸಿ, ಆಮೇಲೆ ಪ್ಲೇಟಿಗೆ ಹರಡಿ.

ಪ್ಲೇಟು

ಎಲ್‌ಬಿ ಅಗರ್ ಸುಮಾರು 50 ಡಿಗ್ರಿಗೆ ಇಳಿದ ಮೇಲೆ ಪ್ರತಿ ಮಿಲಿಲೀಟರ್‌ಗೆ ಆಂಪಿಸಿಲಿನ್ 100 ಮೈಕ್ರೋಗ್ರಾಂ, ಕನಾಮೈಸಿನ್ 50, ಎಕ್ಸ್-ಗ್ಯಾಲ್ (ಲ್ಯಾಕ್ ಜೀನಿನ ಕಿಣ್ವ ಸೀಳಿದಾಗ ನೀಲಿಯಾಗುವ ವಸ್ತು) 40, ಜೊತೆಗೆ ಐಪಿಟಿಜಿ (ಲ್ಯಾಕ್ ಜೀನುಗಳನ್ನು ಎಬ್ಬಿಸುವ ರಾಸಾಯನಿಕ) 0.5 ಮಿಲಿಮೋಲಾರ್ ಆಗುವಂತೆ ಬೆರೆಸಿ. ಡೈಮೀಥೈಲ್ ಫಾರ್ಮಮೈಡ್‌ನಲ್ಲಿ ಕರಗಿಸಿದ 20 ಮಿಲಿಗ್ರಾಂ/ಮಿಲಿಲೀಟರ್ ಎಕ್ಸ್-ಗ್ಯಾಲ್ ಆದರೆ ಲೀಟರಿಗೆ 2 ಮಿಲಿಲೀಟರ್ ಸಾಕು. ಬೆಳಕು ಬೀಳದಂತೆ ಇಡಿ. ಗುಲಾಬಿ ಬಣ್ಣಕ್ಕೆ ತಿರುಗಿದ ಹಳೇ ದ್ರಾವಣ ಎಸೆದುಬಿಡಿ. ಆಂಪಿಸಿಲಿನ್ ಪ್ಲೇಟು ಹಳತಾದಷ್ಟೂ ಕಾಲನಿಯ ಸುತ್ತ ಉಪಕಾಲನಿಗಳು ಏಳುತ್ತವೆ. ಕಾರ್ಬೆನಿಸಿಲಿನ್ ದುಬಾರಿಯಾದರೂ ಅದನ್ನೇ ಬಳಸಿ. ಗ್ಲೂಕೋಸ್ ಮಾತ್ರ ಎಲ್ಲಿಯೂ ಸೇರಬಾರದು.

ಎಕ್ಸ್-ಗ್ಯಾಲ್ ಬದಲು ಮೆಕಾಂಕಿ ಪ್ಲೇಟಿನಲ್ಲಿ (ಸಕ್ಕರೆ ಬಳಸುವ ಕಾಲನಿ ಇದರಲ್ಲಿ ಕೆಂಪಾಗುತ್ತದೆ) ಕೆಂಪು ನೋಡುವವರು ಲ್ಯಾಕ್ಟೋಸ್ ಇಲ್ಲದ ಬೇಸ್ ಪುಡಿಯನ್ನೇ ತರಿಸಬೇಕು. ಸಾಮಾನ್ಯ ಪುಡಿಯಲ್ಲಿ ಲ್ಯಾಕ್ಟೋಸ್ ಮೊದಲೇ ಇರುವುದರಿಂದ ಕೆಂಪು ಯಾವ ಸಕ್ಕರೆಯದೆಂದು ಹೇಳಲಾಗದು. ಆಟೋಕ್ಲೇವ್ ಆದ 950 ಮಿಲಿಲೀಟರ್‌ಗೆ ಸೋಸಿದ 20 ಪ್ರತಿಶತ ಮಾಲ್ಟೋಸ್ 50 ಮಿಲಿಲೀಟರ್ ಹಾಕಿ.

ಪ್ಲೇಟುಗಳನ್ನು 30 ಡಿಗ್ರಿಯಲ್ಲಿಡಿ. ಇನ್‌ಕ್ಯುಬೇಟರ್ 37ಕ್ಕೇ ಇದೆ ಎಂದು ಅಲ್ಲೇ ಇಟ್ಟುಬಿಡಬೇಡಿ, ತುಂಡುಗಳು ಕೂಡಿ ಕೆಲಸ ಮಾಡುವುದು 30ರಲ್ಲಿ ಮೇಲು. ಈ ತಳಿ ನಿಧಾನವಾಗಿ ಬೆಳೆಯುವುದರಿಂದ 40 ರಿಂದ 48 ಗಂಟೆ ಕಾಯಿರಿ. ನಾಲ್ಕೈದು ದಿನಗಳ ಮೇಲೆ ಅಲ್ಲೊಂದು ಇಲ್ಲೊಂದು ಮೂಡುವ ನೀಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಸೈಕ್ಲಿಕ್ ಎಎಂಪಿ ಇಲ್ಲದೆಯೂ ಲ್ಯಾಕ್ ಜೀನನ್ನು ತೆರೆಯಬಲ್ಲ ಸಿಆರ್‌ಪಿ (ಸೈಕ್ಲಿಕ್ ಎಎಂಪಿ ಹಿಡಿದು ಜೀನು ತೆರೆಯುವ ಪ್ರೋಟೀನ್) ರೂಪಾಂತರಿಗಳು ಅವಾಗಿರಬಹುದು.

ಕಂಟ್ರೋಲ್‌ಗಳು ಅದೇ ಪ್ಲೇಟಿನಲ್ಲಿ

ಎರಡೂ ಖಾಲಿ ಪ್ಲಾಸ್ಮಿಡ್‌ಗಳನ್ನು ಮಾತ್ರ ಹಾಕಿ ಕಂಟ್ರೋಲ್ ಮುಗಿಯಿತು ಎನ್ನುವುದು ಸಾಲದು. ಮೊದಲ ಪ್ರೋಟೀನ್ ಜೊತೆ ಖಾಲಿ ಟಿ18, ಎರಡನೆಯದರ ಜೊತೆ ಖಾಲಿ ಟಿ25, ಎರಡೂ ಖಾಲಿ, ಮತ್ತು ಝಿಪ್ ಜೋಡಿ: ಈ ನಾಲ್ಕೂ ಬೇಕು. ಪೊರೆಯ ಪ್ರೋಟೀನ್ ಆದರೆ ಇವುಗಳ ಜೊತೆಗೆ ಸಂಬಂಧವಿಲ್ಲದ ಇನ್ನೊಂದು ಪೊರೆ ಪ್ರೋಟೀನನ್ನೂ ಇಡಿ. ಪೊರೆಯಲ್ಲಿ ಕಿಕ್ಕಿರಿದಾಗ ಸಂಬಂಧವಿಲ್ಲದವೂ ಹತ್ತಿರ ಬಂದು ಸುಳ್ಳು ನೀಲಿ ಕೊಡುತ್ತವೆ. ಆಗ ಐಪಿಟಿಜಿಯನ್ನು 0.1 ಮಿಲಿಮೋಲಾರ್‌ಗೆ ಇಳಿಸಿ ಮತ್ತೆ ನೋಡಿ.

ಅಳತೆ

ನೀಲಿಯ ಗಾಢತೆಯನ್ನು ಕಣ್ಣಳತೆಯಲ್ಲಿ ಹೋಲಿಸಬೇಡಿ, ಲ್ಯಾಕ್ ಜೀನಿನ ಕಿಣ್ವ ಬೀಟಾ-ಗ್ಯಾಲಕ್ಟೊಸಿಡೇಸನ್ನು ಅಳೆಯಿರಿ. ಬೇರೆಬೇರೆ ಕಾಲನಿಗಳಿಂದ ಕನಿಷ್ಠ ಮೂರು ಕಲ್ಚರ್ ತೆಗೆದು, ಎರಡೂ ಆಂಟಿಬಯಾಟಿಕ್ ಮತ್ತು ಐಪಿಟಿಜಿ ಇರುವ ಎಲ್‌ಬಿಯಲ್ಲಿ ರಾತ್ರಿಯಿಡೀ 30 ಡಿಗ್ರಿಯಲ್ಲಿ ಬೆಳೆಸಿ. ಝಡ್ ಬಫರ್‌ಗೆ ಬೀಟಾ-ಮರ್ಕ್ಯಾಪ್ಟೋಎಥನಾಲನ್ನು ಅದೇ ದಿನ ಸೇರಿಸಿ. ಕ್ಲೋರೋಫಾರ್ಮ್ ಮತ್ತು ಎಸ್‌ಡಿಎಸ್‌ನಿಂದ ಕೋಶವನ್ನು ಸಡಿಲಿಸುವಾಗ ಗಾಜಿನ ಅಥವಾ ಪಾಲಿಪ್ರೊಪಿಲೀನ್ ನಳಿಕೆಯೇ ಇರಲಿ, ಪಾಲಿಸ್ಟೈರೀನ್ ಕ್ಲೋರೋಫಾರ್ಮ್‌ಗೆ ಕರಗುತ್ತದೆ. 1 ಮಿಲಿಲೀಟರ್‌ಗೆ 4 ಮಿಲಿಗ್ರಾಂ/ಮಿಲಿಲೀಟರ್ ಓಎನ್‌ಪಿಜಿ (ಆ ಕಿಣ್ವ ಸೀಳಿದಾಗ ಹಳದಿಯಾಗುವ ವಸ್ತು) 0.2 ಮಿಲಿಲೀಟರ್ ಹಾಕಿ, 28 ಡಿಗ್ರಿಯಲ್ಲಿಡಿ, ಹಳದಿಯಾದಾಗ 1 ಮೋಲಾರ್ ಸೋಡಿಯಂ ಕಾರ್ಬೊನೇಟ್ 0.5 ಮಿಲಿಲೀಟರ್‌ನಿಂದ ನಿಲ್ಲಿಸಿ. ಝಿಪ್ ಜೋಡಿ ನಿಮಿಷಗಳಲ್ಲೇ ಹಳದಿಯಾಗುತ್ತದೆ. ಪ್ರತಿ ನಳಿಕೆಯ ಸಮಯವನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳದಿದ್ದರೆ ಮಿಲ್ಲರ್ ಘಟಕದ (ಕಿಣ್ವದ ಚಟುವಟಿಕೆಯ ಅಳತೆ) ಲೆಕ್ಕ ತಪ್ಪುತ್ತದೆ. ಝಿಪ್ ಜೋಡಿ ಬಿಟ್ಟು ಉಳಿದ ಕಂಟ್ರೋಲ್‌ಗಳಲ್ಲಿ ಅತಿ ಹೆಚ್ಚಿನದಕ್ಕಿಂತ ನಾಲ್ಕು ಪಟ್ಟಾದರೂ ಮೇಲಿಲ್ಲದ ಅಂಕಿಯನ್ನು ಜೋಡಿ ಎಂದು ಒಪ್ಪಬೇಡಿ.

ಬಿಳಿ ಬಂದರೆ, ನೀಲಿ ಬಂದರೆ

ಬಿಳಿ ಬಂದರೆ ಪ್ರೋಟೀನ್ ತಯಾರಾಗಿದೆಯೇ ಎಂದು ವೆಸ್ಟರ್ನ್ ಬ್ಲಾಟ್ (ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆ) ಮಾಡಿ. 3ಡಿ1 ಎಂಬ ಪ್ರತಿಕಾಯ ಟಿ18 ತುಂಡನ್ನು ಗುರುತಿಸುತ್ತದೆ, ಟಿ25 ಅನ್ನು ಅಲ್ಲ. ಪ್ರೋಟೀನ್ ಇದ್ದರೆ ಇನ್ನೊಂದು ತುದಿಗೆ ಬೆಸೆದ ಪ್ಲಾಸ್ಮಿಡ್ ಪ್ರಯತ್ನಿಸಿ. ನೀಲಿ ಬಂದರೆ ಅಂಟುವ ಜಾಗದ ಅಮೈನೋ ಆಮ್ಲವೊಂದನ್ನು ಬದಲಿಸಿ, ಬಣ್ಣ ಹೋಗುತ್ತದೆಯೇ ನೋಡಿ. ಪರೀಕ್ಷಿಸುತ್ತಿರುವುದು ಇ. ಕೋಲಿಯದೇ ಪ್ರೋಟೀನುಗಳಾದರೆ ಕೋಶದ ಮೂರನೆಯ ಪ್ರೋಟೀನೊಂದು ನಡುವೆ ಸೇತುವೆಯಾಗಿರಬಹುದು. ನೇರವಾಗಿ ಅಂಟುತ್ತವೆ ಎಂದು ಬರೆಯಬೇಕಿದ್ದರೆ ಶುದ್ಧೀಕರಿಸಿದ ಎರಡೇ ಪ್ರೋಟೀನುಗಳಿಂದ ಪುಲ್‌ಡೌನ್ (ಒಂದನ್ನು ಹಿಡಿದೆಳೆದಾಗ ಇನ್ನೊಂದೂ ಬರುತ್ತದೆಯೇ ಎಂಬ ಪರೀಕ್ಷೆ) ಮಾಡಿ ತೋರಿಸಬೇಕು.