ಗವಾಕ್ಷಿ ಮುಚ್ಚದೆ ಬ್ಲೋಟ್‌ವೇರ್ ಹೋಗೋಲ್ಲ

ಲ್ಯಾಪ್‌ಟಾಪ್ ಜೊತೆ ಕಂಪನಿ ತುರುಕಿ ಕಳಿಸುವ ಬೇಡದ ಪ್ರೋಗ್ರಾಮ್‌ಗಳೇ ಬ್ಲೋಟ್‌ವೇರ್. ಅದನ್ನು ತೊಲಗಿಸೋಕೆ ಕ್ಲೀನ್ ಇನ್‌ಸ್ಟಾಲ್ (ಡಿಸ್ಕ್ ಒರೆಸಿ ವಿಂಡೋಸ್ ಹೊಸದಾಗಿ ಹಾಕುವುದು) ಅಂದ ಕೂಡಲೇ ಮೂರು ತಕರಾರು ಬರುತ್ತವೆ: ಎಫ್‌ಎನ್ ಕೀಗಳು (ವಾಲ್ಯೂಮ್, ಬೆಳಕು ಬದಲಿಸುವ ಗುಂಡಿಗಳು) ಸಾಯುತ್ತವೆ, ಲೈಸೆನ್ಸ್ ಹೋಗುತ್ತೆ, ಮತ್ತೆ ಲೈಸೆನ್ಸ್ ಕೀ ಕೊಳ್ಳೋಕೆ ದುಡ್ಡು ಸುರಿಯಬೇಕು. ಮೊದಲನೆಯದು ಅರ್ಧ ನಿಜ. ಉಳಿದೆರಡೂ ಶುದ್ಧ ಸುಳ್ಳು. ವಿಂಡೋಸ್ 8ರ ಕಾಲದಿಂದಲೂ ಕಂಪನಿ ಹಾಕಿಕೊಟ್ಟ ಲೈಸೆನ್ಸ್ ಕೀ ಬಯೋಸ್‌ನ (ಮದರ್‌ಬೋರ್ಡ್ ಚಿಪ್‌ನಲ್ಲಿರುವ ಮೂಲ ಪ್ರೋಗ್ರಾಮ್) ಎಂಎಸ್‌ಡಿಎಂ ಅನ್ನೋ ಟೇಬಲ್‌ನಲ್ಲೇ ಕೂತಿರುತ್ತೆ. ಇನ್‌ಸ್ಟಾಲರ್ ಅದನ್ನು ಓದಿ ಹೋಮ್ ಆವೃತ್ತಿಯೋ ಪ್ರೊ ಆವೃತ್ತಿಯೋ ಅಂತ ತಾನೇ ನಿರ್ಧರಿಸುತ್ತೆ, ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತೆ. ಇದಕ್ಕೆ ಹೊಸ ಕೀ ಕೊಂಡರೆ ದಂಡ. 'ಪಿಸಿ ಕ್ಲೀನರ್'ಗಳಿಗೆ ಕೊಟ್ಟ ದುಡ್ಡೂ ಅಷ್ಟೇ. ಇದ್ದ ಕಸದ ಜೊತೆ ಇನ್ನೊಂದು ಕಸ.

ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡುವ ದಾರಿ ಯಾಕೆ ಸೋಲುತ್ತೆ? ಸೆಟ್ಟಿಂಗ್ಸ್‌ನಿಂದ ತೆಗೆದ ಸ್ಟೋರ್ ಆಪ್ ಆ ಯೂಸರ್‌ಗೆ ಮಾತ್ರ ಹೋಗುತ್ತೆ. ಪ್ರೊವಿಷನ್ಡ್ ಪಟ್ಟಿಯಿಂದ (ಪ್ರತಿ ಹೊಸ ಯೂಸರ್‌ಗೂ ಹಾಕಬೇಕಾದ ಆಪ್‌ಗಳ ಪಟ್ಟಿ) ವಿಂಡೋಸ್‌ನ ಕಮಾಂಡ್ ಉಪಕರಣ ಪವರ್‌ಶೆಲ್‌ನಲ್ಲಿ ಬೇರೆಯಾಗಿ ತೆಗೆಯದಿದ್ದರೆ ಹೊಸ ಅಕೌಂಟ್ ತೆರೆದಾಗ ಮತ್ತೆ ಹಾಜರ್. ಇನ್ನು ಕೆಲವು ಪ್ರೋಗ್ರಾಮ್‌ಗಳು ಹೋದರೂ ಬಿಟ್ಟುಹೋದದ್ದು ಉಳಿಯುತ್ತೆ. 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿ ಸಿಕ್ಕ, ಜಾಹೀರಾತು ತುರುಕುವ ಸೂಪರ್‌ಫಿಶ್ ನೆನಪಿರಬಹುದು: ಪ್ರೋಗ್ರಾಮ್ ತೆಗೆದರೂ ಅದರ ರೂಟ್ ಸರ್ಟಿಫಿಕೇಟ್ (ಯಾವ ವೆಬ್‌ಸೈಟ್ ನಂಬಬೇಕು ಅಂತ ವಿಂಡೋಸ್‌ಗೆ ಹೇಳುವ ಗುರುತುಪತ್ರ) ಹಾಗೇ ಇತ್ತು.

ವಿಂಡೋಸ್ ಅನ್ನು ಹೊಸದರಂತೆ ಮಾಡುವ 'ರೀಸೆಟ್ ದಿಸ್ ಪಿಸಿ' ನಂಬುವವರಿಗೆ: ಸಿ ಡ್ರೈವ್‌ನ ರಿಕವರಿ ಫೋಲ್ಡರ್‌ನಲ್ಲಿ ಕಸ್ಟಮೈಸೇಷನ್ಸ್ ಅಂತ ಒಂದಿದೆ, ಅದರೊಳಗೆ ಪಿಪಿಕೆಜಿ ಫೈಲು. ಕಂಪನಿಯ ಪ್ರೋಗ್ರಾಮ್‌ಗಳನ್ನೆಲ್ಲ ರೀಸೆಟ್ ವಾಪಸ್ ತರುವುದು ಅಲ್ಲಿಂದಲೇ. ಆ ಫೈಲಿನ ಹೆಸರು ಬದಲಿಸಿ ರೀಸೆಟ್ ಕೊಟ್ಟು ನೋಡಿದೆ. ಡೆಸ್ಕ್‌ಟಾಪ್ ಪ್ರೋಗ್ರಾಮ್‌ಗಳು ಬರಲಿಲ್ಲ, ಸ್ಟೋರ್ ಆಪ್‌ಗಳು ಬಂದವು. ಅರ್ಧ ಗೆಲುವು, ಆ ದಾರಿ ಬಿಟ್ಟೆ.

ಈಗ ಕ್ಲೀನ್ ಇನ್‌ಸ್ಟಾಲ್ ಮಾಡುವುದು ಹೀಗೆ. ಮೊದಲು ಕಂಪನಿಯ ರಿಕವರಿ ಪೆನ್‌ಡ್ರೈವ್ ಮಾಡಿಟ್ಟುಕೊಳ್ಳಿ, ವಾರಂಟಿಗೆ ಕೊಡುವಾಗ ಬೇಕಾಗುತ್ತೆ. ಆಮೇಲೆ ವಿಂಡೋಸ್‌ನದೇ ಪಿಎನ್‌ಪಿಯುಟಿಲ್ ಕಮಾಂಡ್‌ನಿಂದ ಡ್ರೈವರ್‌ಗಳನ್ನೆಲ್ಲ (ಯಂತ್ರದ ಭಾಗಗಳನ್ನು ನಡೆಸುವ ಫೈಲುಗಳು) ಎಕ್ಸ್‌ಪೋರ್ಟ್ ಮಾಡಿ, ಸುಮಾರು ಎರಡು-ಮೂರು ಜಿಬಿ ಆಗುತ್ತೆ. ಆದರೆ ಇನ್‌ಸ್ಟಾಲ್ ಆದ ಮೇಲೆ ಎಲ್ಲವನ್ನೂ ವಾಪಸ್ ತುರುಕಬೇಡಿ, ಎಲ್ಲರೂ ಎಡವುವುದು ಇಲ್ಲೇ. 'ಸಾಫ್ಟ್‌ವೇರ್ ಕಾಂಪೊನೆಂಟ್' ಕ್ಲಾಸಿನ ಐಎನ್‌ಎಫ್‌ಗಳು (ಡ್ರೈವರ್ ಹಾಕುವ ಸೂಚನೆಯ ಫೈಲುಗಳು) ಡ್ರೈವರ್ ವೇಷದಲ್ಲಿ ಕಂಪನಿಯ ಆಪ್ ಅನ್ನು ಸ್ಟೋರ್‌ನಿಂದ ಎಳೆದು ತರುತ್ತವೆ. ಪೂರ್ತಿ ಬಿಟ್ಟರೂ ಕಷ್ಟ: ಹಾಟ್‌ಕೀ ಸರ್ವಿಸ್, ಆಡಿಯೊ ಪ್ರೊಸೆಸಿಂಗ್ ಎಷ್ಟೋ ಮಾಡೆಲ್‌ಗಳಲ್ಲಿ ಇದೇ ಗುಂಪಿನಲ್ಲಿವೆ. ಎಫ್‌ಎನ್ ಕೀ ಸಾಯುವ ಅರ್ಧ ನಿಜ ಅಂದದ್ದು ಇದನ್ನೇ. ಮೊದಲು ಈ ಕ್ಲಾಸ್ ಬಿಟ್ಟು ಉಳಿದದ್ದು ಹಾಕಿ, ಕೆಲಸ ಮಾಡದ ಕೀ ನೋಡಿಕೊಂಡು ಒಂದೊಂದೇ ಸೇರಿಸಿ. ಯಾವುದು ಬೇಕು ಯಾವುದು ಬೇಡ ಅಂತ ನಾನು ಮಾಡಿಕೊಂಡ ಪಟ್ಟಿ ಇಲ್ಲಿ ಹಾಕೋಲ್ಲ. ಮಾಡೆಲ್ ಬದಲಾದರೆ ಪಟ್ಟಿಯೂ ಬದಲು, ಜೊತೆಗೆ ಅದು ಕಷ್ಟಪಟ್ಟು ಮಾಡಿದ್ದು!

ಇಂಟೆಲ್ 11ನೇ ಪೀಳಿಗೆಯಿಂದೀಚೆಗೆ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣದಿದ್ದರೆ ಗಾಬರಿ ಬೇಡ, ಡಿಸ್ಕ್ ನಿಭಾಯಿಸುವ ಇಂಟೆಲ್‌ನ ವಿಎಂಡಿ ಆನ್ ಇದೆ ಅಷ್ಟೇ. ಅದರ ಡ್ರೈವರ್ ಬಿಚ್ಚಿ ಪೆನ್‌ಡ್ರೈವ್‌ನಲ್ಲಿಟ್ಟು 'ಲೋಡ್ ಡ್ರೈವರ್' ಒತ್ತಿ. ವೈಫೈ ಇಲ್ಲದಿದ್ದರೆ ಫೋನಿನ ಯುಎಸ್‌ಬಿ ಟೆದರಿಂಗ್ ಸಾಕು. ಇನ್‌ಸ್ಟಾಲರ್ ಸಮಯ-ಕರೆನ್ಸಿ ಫಾರ್ಮ್ಯಾಟ್ ಕೇಳುವಲ್ಲಿ 'ಇಂಗ್ಲಿಷ್ (ವರ್ಲ್ಡ್)' ಕೊಟ್ಟರೆ ಮೈಕ್ರೋಸಾಫ್ಟ್ ತುರುಕುವ ಗೇಮು, ಜಾಹೀರಾತು ಆಪ್‌ಗಳು ಬಹುಪಾಲು ಬರುವುದೇ ಇಲ್ಲ. ಮುಂದೆ 'ಓಒಬಿಇ ರೀಜನ್' ಎರರ್ ಬರುತ್ತೆ, ಸ್ಕಿಪ್ ಒತ್ತಿ ಮುಂದೆ ಹೋಗಿ. ಎಲ್ಲ ಮುಗಿದ ಮೇಲೆ ರೀಜನ್ ಸರಿಮಾಡಿ, ಇಲ್ಲದಿದ್ದರೆ ಸ್ಟೋರ್ ತಂಟೆ ಮಾಡುತ್ತೆ.

ಇಷ್ಟೆಲ್ಲ ಆದ ಮೇಲೂ ಮೊದಲ ಬೂಟ್‌ನಲ್ಲೇ ಕಂಪನಿಯ ಅಪ್‌ಡೇಟರ್ 'ನಮ್ಮ ಆಪ್ ಹಾಕಲೇ?' ಅಂತ ಮೂಲೆಯಲ್ಲಿ ಹಲ್ಲು ಕಿರಿದರೆ, ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಕಥೆ. ಆ ಗವಾಕ್ಷಿಯ ಹೆಸರು ಡಬ್ಲ್ಯುಪಿಬಿಟಿ. ಬಯೋಸ್ ತನ್ನೊಳಗಿನ ಪ್ರೋಗ್ರಾಮ್ ಒಂದನ್ನು ವಿಂಡೋಸ್ ಕೈಗೆ ಕೊಡುತ್ತೆ, ವಿಂಡೋಸ್ ಅದನ್ನು ಸಿಸ್ಟಮ್32ರಲ್ಲಿ ಡಬ್ಲ್ಯುಪಿಬಿಬಿನ್ ಅಂತ ಬರೆದು ಓಡಿಸುತ್ತೆ. ಡಿಸ್ಕ್ ಎಷ್ಟು ಒರೆಸಿದರೂ ಅದು ಡಿಸ್ಕ್‌ನಲ್ಲಿ ಇದ್ದರೆ ತಾನೇ! ಕೆಲವು ಬಯೋಸ್‌ಗಳಲ್ಲಿ ಸ್ವಿಚ್ ಇದೆ, ಸಾಮಾನ್ಯವಾಗಿ ಕಂಪನಿಯ ಆಪ್ ಹೆಸರಿನಲ್ಲೇ. ಇಲ್ಲದಿದ್ದರೆ ರಿಜಿಸ್ಟ್ರಿಯ (ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರ) ಸೆಷನ್ ಮ್ಯಾನೇಜರ್ ಕೆಳಗೆ 'ಡಿಸೇಬಲ್ ಡಬ್ಲ್ಯುಪಿಬಿಟಿ ಎಕ್ಸಿಕ್ಯೂಷನ್' ಅನ್ನೋ ಡಿವರ್ಡ್ (ಸಂಖ್ಯೆ ಹಿಡಿಯುವ ನಮೂದು) ಸೇರಿಸಬೇಕು, ಮೌಲ್ಯ 1, ಹೆಸರಿನ ನಡುವೆ ಜಾಗ ಬಿಡಬಾರದು. ವಿಂಡೋಸ್ ಎದ್ದ ಮೇಲೆ ಹಾಕಿದರೆ ತಡವಾಯಿತು, ಅದು ಆಗಲೇ ಓಡಿರುತ್ತೆ. ಹಾಗಾಗಿ ಇನ್‌ಸ್ಟಾಲರ್‌ನಲ್ಲಿ ವಿಂಡೋಸ್ ತುಂಬಿಟ್ಟ ಫೈಲಾದ ಇನ್‌ಸ್ಟಾಲ್ ಡಾಟ್ ವಿಮ್ ಮೌಂಟ್ ಮಾಡಿ (ಫೋಲ್ಡರ್‌ನಂತೆ ತೆರೆದು), ಅದರ ಸಿಸ್ಟಮ್ ಹೈವ್ (ರಿಜಿಸ್ಟ್ರಿ ಫೈಲು) ಲೋಡ್ ಮಾಡಿ ಅಲ್ಲೇ ಸೇರಿಸುತ್ತೇನೆ. ಆಫ್‌ಲೈನ್ ಹೈವ್‌ನಲ್ಲಿ 'ಕರೆಂಟ್ ಕಂಟ್ರೋಲ್ ಸೆಟ್' ಇರೋಲ್ಲ, 'ಕಂಟ್ರೋಲ್ ಸೆಟ್ 001' ಹುಡುಕಿ. ಹೈವ್ ಅನ್‌ಲೋಡ್ ಮಾಡದೆ ಅನ್‌ಮೌಂಟ್ ಕೊಟ್ಟರೆ ಮೌಂಟ್ ಮಾಡುವ ಉಪಕರಣ ಡಿಸ್ಮ್ ಮುನಿಸಿಕೊಳ್ಳುತ್ತೆ. ಬದಲಿಸಿದ ವಿಮ್ 4 ಜಿಬಿ ದಾಟಿದರೆ ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವ್‌ಗೆ ಹಿಡಿಸೋಲ್ಲ, 3800 ಎಂಬಿಯ ತುಂಡುಗಳಾಗಿ ಮಾಡಿ.

ಲೆಕ್ಕ ಅಂದಾಜಿನದು: ಬೂಟ್ ಆದ ಕೂಡಲೇ ಐದು ಜಿಬಿ ಹತ್ತಿರ ನುಂಗುತ್ತಿದ್ದ ರ‍್ಯಾಮ್ ಮೂರರ ಒಳಗೆ ಬಂತು, ಡಿಸ್ಕ್‌ನಲ್ಲಿ ರಿಕವರಿ ಪಾರ್ಟಿಶನ್ ಸೇರಿ ಇಪ್ಪತ್ತು ಜಿಬಿಯಷ್ಟು ಉಳಿಯಿತು. ಬಯೋಸ್ ಅಪ್‌ಡೇಟ್ ಆದಾಗ ಡಬ್ಲ್ಯುಪಿಬಿಟಿಯ ಆ ಸ್ವಿಚ್ ಮತ್ತೆ ಆನ್ ಆಗಿರಬಹುದು, ಒಮ್ಮೆ ಒಳಗೆ ಹೋಗಿ ನೋಡಿ.