ಓಡಿದ ಬಾಕ್ಸ್‌ಸ್ಟರ್ ಬೇಕಿತ್ತು: ನಾನು ಹುಡುಕಿ ಕೊಂಡ ಬಗೆ

ಮುಂಬೈಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಕೇಳಿಕೊಂಡು ಹೋದರೆ ಡೀಲರ್‌ಗಳು ಮೊದಲು ಹೇಳುವ ಮಾತು ಒಂದೇ. "ಬಹುತ್ ಕಮ್ ಚಲಾ ಹೈ, ಸರ್." ಹನ್ನೆರಡು ಸಾವಿರ ಕಿಲೋಮೀಟರ್, ಹದಿನಾಲ್ಕು ಸಾವಿರ ಕಿಲೋಮೀಟರ್. ಕಡಿಮೆ ಓಡಿದಷ್ಟೂ ಬೆಲೆ ಜಾಸ್ತಿ. ನಾನು ಪೋರ್ಷೆ ಬಾಕ್ಸ್‌ಸ್ಟರ್, ಅಂದರೆ ಟಾಪ್ ತೆರೆಯುವ ಎರಡು ಸೀಟಿನ ಜರ್ಮನ್ ಕಾರು, ಹುಡುಕಲು ಹೊರಟಾಗ ನನಗೆ ಬೇಕಿದ್ದದ್ದು ಇದಕ್ಕೆ ಉಲ್ಟಾ. ಚೆನ್ನಾಗಿ ಓಡಿರಬೇಕು, ವರ್ಷಾವರ್ಷ ಸರ್ವಿಸ್ ಆಗಿರಬೇಕು, ಬಿಲ್ಲುಗಳ ಫೈಲು ದಪ್ಪಗಿರಬೇಕು. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ ಇರುವ ಊರಲ್ಲಿ ಸುಮ್ನೆ ನಿಂತ ಕಾರು ಓಡಿದ ಕಾರಿಗಿಂತ ಬೇಗ ಹಾಳಾಗುತ್ತದೆ. ಈ ಹುಡುಕಾಟದಲ್ಲಿ ಅದನ್ನು ಕಣ್ಣಾರೆ ಕಂಡೆ.

ಯಾವ ಕಾರು ಎಂಬುದನ್ನು ಮೊದಲೇ ಬಿಗಿಯಾಗಿ ತೀರ್ಮಾನಿಸಿಕೊಂಡಿದ್ದೆ. 2005ರ ಮಾದರಿಯಿಂದ 2012ರವರೆಗೆ ಬಂದ ಬಾಕ್ಸ್‌ಸ್ಟರ್‌ಗೆ 987 ಎಂಬ ಸಂಖ್ಯೆ. ಅದರಲ್ಲೂ ನನಗೆ 2009ರ ನಂತರದ್ದೇ ಬೇಕಿತ್ತು. ಕಾರಣ ಎಂಜಿನ್. ಅದಕ್ಕೂ ಹಿಂದಿನ ಎಂಜಿನ್‌ಗಳ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ತಿರುಗುವ ದಂಡವೊಂದಿದೆ. ಅದರ ಬೇರಿಂಗ್ ಕೈಕೊಟ್ಟರೆ ಲೋಹದ ಚೂರು ಆಯಿಲ್‌ಗೆ ಸೇರಿ ಇಡೀ ಎಂಜಿನ್ ಹೋಗಬಹುದು. 2005-06ರ ಸುಮಾರಿಗೆ ಇನ್ನೂ ದೊಡ್ಡ ಬೇರಿಂಗ್ ಬಂತು. ಅದು ಗಟ್ಟಿ, ನಿಜ. ಆದರೆ ಎಂಜಿನ್ ಬಿಚ್ಚದೆ ಅದನ್ನು ಬದಲಿಸಲು ಆಗುವುದಿಲ್ಲ. 2009ರ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. 2.9 ಲೀಟರ್, ಆರು ಸಿಲಿಂಡರ್, 255 ಅಶ್ವಶಕ್ತಿ, ಎಂಜಿನ್ ಸೀಟಿನ ಹಿಂದೆ. ಜೊತೆಗೆ ಆರು ಗೇರಿನ ಮ್ಯಾನುಯಲ್ ಬೇಕು ಎಂದು ಹಟ ಹಿಡಿದೆ. ಅಲ್ಲಿಗೆ ಹುಡುಕಾಟ ಕಷ್ಟವಾಯಿತು. ನನ್ನ ಕಣ್ಣಿಗೆ ಬಿದ್ದ ಬಾಕ್ಸ್‌ಸ್ಟರ್‌ಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್. ಕ್ಲಚ್ ಒತ್ತಿ ಒತ್ತಿ ಮುಂಬೈ ಟ್ರಾಫಿಕ್‌ನಲ್ಲಿ ಕಾಲು ನೋಯಿಸಿಕೊಳ್ಳುವವರು ಯಾರು ಹೇಳಿ? ನನಗೆ ಮಾತ್ರ ಗೇರ್ ಹಾಕುವ ಖುಷಿ ಇಲ್ಲದಿದ್ದರೆ ಇಂಥ ಕಾರು ಬೇಕಾಗಿಯೇ ಇರಲಿಲ್ಲ.

ಇಂಥ ಕಾರುಗಳ ಜಾಹೀರಾತು ಅಪರೂಪ. ಬಾಯಿಂದ ಬಾಯಿಗೆ ಸುದ್ದಿ ಬರಬೇಕು. ನನ್ನ ಪುಣ್ಯಕ್ಕೆ ಅಂಧೇರಿಯಲ್ಲಿ ಗ್ಯಾರೇಜ್ ಇಟ್ಟಿರುವ ಕುಂದಾಪುರ ಕಡೆಯ ಮೆಕ್ಯಾನಿಕ್ ಒಬ್ಬರ ಪರಿಚಯವಿತ್ತು. ಜರ್ಮನ್ ಕಾರುಗಳ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಅವರೊಂದು ಮಾತು ಹೇಳಿದರು. "ಕಾರ್ ಕಾಂಬುಕ್ ಹೋಪತ್ತಿಗೆ ನನ್ನ್ ಕರ್ಕಂಡ್ ಹೋಯ್ನಿ. ಅಡ್ವಾನ್ಸ್ ಕೊಟ್ಟ್ ಆದ್‌ಮೇಲ್ ಕರೀಬೇಡಿ." ನೋಡಲು ಹೋಗುವಾಗಲೆಲ್ಲ ಅವರಿಗೆ ದಿನದ ಸಂಬಳ ಕೊಟ್ಟೇ ಕರೆದೊಯ್ದೆ. ಈ ಇಡೀ ವ್ಯವಹಾರದಲ್ಲಿ ಅತಿ ಒಳ್ಳೆಯ ಖರ್ಚು ಅದೇ.

ವರ್ಲಿಯ ಒಂದು ಎತ್ತರದ ಕಟ್ಟಡದ ಬೇಸ್‌ಮೆಂಟ್‌ನಲ್ಲಿ ಬಿಳಿ ಬಾಕ್ಸ್‌ಸ್ಟರ್ ಇತ್ತು. ಮೀಟರ್‌ನಲ್ಲಿ ಹದಿನಾಲ್ಕು ಸಾವಿರ. ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಬ್ಯಾಟರಿ ಸತ್ತಿತ್ತು. ಈ ಕಾರಿನಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಡಿಕ್ಕಿ ತೆರೆಯುವುದು ಕರೆಂಟ್‌ನಿಂದ. ಹಾಗಾಗಿ ಬ್ಯಾಟರಿ ಸತ್ತರೆ ಬ್ಯಾಟರಿಯೇ ಕೈಗೆ ಸಿಗುವುದಿಲ್ಲ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸ್‌ನಲ್ಲಿ ಎಳೆದು ತೆಗೆಯುವ ಒಂದು ಟರ್ಮಿನಲ್ ಇದೆ. ಅದಕ್ಕೆ ಹೊರಗಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಡಿಕ್ಕಿ ತೆರೆಯುತ್ತದೆ. ನಮ್ಮ ಮೆಕ್ಯಾನಿಕ್ ಕ್ಷಣದಲ್ಲಿ ತೆರೆದರು. ಕಾರು ಮಾರಲು ಬಂದವನಿಗೆ ಅದು ಗೊತ್ತಿರಲಿಲ್ಲ. ಅಷ್ಟರಲ್ಲೇ ಆ ಕಾರನ್ನು ಯಾರೂ ನೋಡಿಕೊಂಡಿಲ್ಲ ಎಂದು ತಿಳಿಯಿತು.

ಟೈರಿನ ಪಕ್ಕದಲ್ಲಿ 2312 ಎಂದಿತ್ತು. 2012ರ 23ನೇ ವಾರ ತಯಾರಾದದ್ದು ಎಂದರ್ಥ. ಗ್ರಿಪ್ ಪೂರ್ತಿ ಇದೆ, ರಬ್ಬರ್ ಮಾತ್ರ ಕಲ್ಲು. ವೈರಿಂಗ್ ಮೇಲೆ ಇಲಿ ಹಲ್ಲಿನ ಗುರುತು. ನಿಜವಾದ ವಿಷಯ ಸಿಕ್ಕಿದ್ದು ಕಂಪ್ಯೂಟರ್ ಜೋಡಿಸಿದಾಗ. ಎಂಜಿನ್ ಕಂಟ್ರೋಲ್ ಯೂನಿಟ್ ತಾನು ಎಷ್ಟು ಗಂಟೆ ಓಡಿದ್ದೇನೆ ಎಂದು ಬರೆದಿಟ್ಟುಕೊಳ್ಳುತ್ತದೆ. ಮೀಟರ್ ಬದಲಿಸಿದರೂ ಆ ಲೆಕ್ಕ ಅಲ್ಲೇ ಉಳಿದಿರುತ್ತದೆ. ಇಲ್ಲಿ 2,300 ಗಂಟೆ ಇತ್ತು. ಹದಿನಾಲ್ಕು ಸಾವಿರವನ್ನು ಅದರಿಂದ ಭಾಗಿಸಿ. ಗಂಟೆಗೆ ಆರು ಕಿಲೋಮೀಟರ್! ಮುಂಬೈ ಟ್ರಾಫಿಕ್ ಎಷ್ಟೇ ಕೆಟ್ಟದ್ದಿರಲಿ, ಹದಿನೈದು ವರ್ಷ ಯಾರೂ ನಡೆಯುವ ವೇಗದಲ್ಲಿ ಕಾರು ಓಡಿಸುವುದಿಲ್ಲ. ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಎಂದೇ ಅರ್ಥ. ನಾವು ಮಾತಾಡದೆ ಹೊರಬಂದೆವು. ಯಾವ ಕಾರು ನೋಡಲು ಹೋದರೂ ಈ ಭಾಗಾಕಾರ ಮಾಡಿ ನೋಡಿ ಎಂದು ಸ್ನೇಹಿತರಿಗೆಲ್ಲ ಹೇಳುತ್ತೇನೆ. ಕಂಟ್ರೋಲ್ ಯೂನಿಟ್ ಓದಲು ಬಿಡದ ಮಾರಾಟಗಾರನ ಹತ್ತಿರ ವ್ಯಾಪಾರವೇ ಬೇಡ.

ಗೋವಾದ ಕಾರಿನ ಕಥೆ ಬೇರೆ. ಪೊರ್ವರಿಯಲ್ಲಿತ್ತು. ಮಾಲೀಕರು ಪ್ರಾಮಾಣಿಕರು. ಹಳದಿ ಬಣ್ಣ, ಮ್ಯಾನುಯಲ್, ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ಇತ್ತು. ಮನಸ್ಸು ಅಲ್ಲೇ ಸಿಕ್ಕಿಹಾಕಿಕೊಂಡಿತು. ಆದರೆ ಕಾರು ಗೇರು ಮರದ ಕೆಳಗೆ, ಹೊದಿಕೆ ಹಾಕಿ ಮಳೆಗಾಲಗಳನ್ನು ಕಳೆದಿತ್ತು.

ಈ ಕಾರಿಗೆ ನೀರು ಹೇಗೆ ಶತ್ರು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಬಟ್ಟೆಯ ಟಾಪ್ ಮಡಚಿ ಕೂರುವ ಜಾಗದ ಎರಡೂ ಬದಿಯಲ್ಲಿ ನೀರು ಹರಿದುಹೋಗುವ ತೂತುಗಳಿವೆ. ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಕಾರಿನೊಳಗೆ ಇಳಿಯುತ್ತದೆ. ಅಲ್ಲಿ ಎಲೆಕ್ಟ್ರಾನಿಕ್ ಯೂನಿಟ್‌ಗಳಿವೆ. ಅವು ನೆನೆದರೆ ಕಾರು ಸ್ಟಾರ್ಟೇ ಆಗದಿರಬಹುದು. ಇನ್ನು ರೇಡಿಯೇಟರ್‌ಗಳು. ಎಂಜಿನ್ ಮಧ್ಯದಲ್ಲಿದ್ದರೂ ಅವು ಇರುವುದು ಮುಂದಿನ ಬಂಪರ್‌ನ ಎರಡು ಮೂಲೆಯಲ್ಲಿ. ಅವುಗಳ ಮುಂದೆ ಏಸಿ ಕಂಡೆನ್ಸರ್. ಬಂಪರ್‌ನ ಬಾಯಿಯಿಂದ ಒಳಗೆ ಹೋದ ಎಲೆಗಳು ಇವೆರಡರ ನಡುವೆ ಸೇರಿ ಕೊಳೆಯುತ್ತವೆ. ಒದ್ದೆ ಎಲೆಗೆ ಉಪ್ಪಿನ ಗಾಳಿ ಸೇರಿತೋ, ಅಲ್ಯೂಮಿನಿಯಂ ಪುಡಿಯಾಗುತ್ತದೆ. ಟಾರ್ಚ್ ಹಾಕಿ ನೋಡಿದರೆ ಅಲ್ಲಿ ಕಪ್ಪು ಗೊಬ್ಬರವೇ ಇತ್ತು. ಕಾರ್ಪೆಟ್ ಎತ್ತಿ ಕೈಯಿಟ್ಟೆ. ಒದ್ದೆ. ಮಳೆ ನಿಂತು ವಾರಗಳಾಗಿದ್ದರೂ ಒದ್ದೆ.

ಜೊತೆಗೆ ಕಾಗದದ ಲೆಕ್ಕ. ಗೋವಾ ನೋಂದಣಿಯ ಕಾರನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಮಹಾರಾಷ್ಟ್ರದಲ್ಲಿ ಇಟ್ಟುಕೊಳ್ಳಬೇಕೆಂದರೆ ಹೊಸ ನಂಬರ್ ಪಡೆಯಬೇಕು. ಗೋವಾ ಆರ್‌ಟಿಓದಿಂದ ಫಾರ್ಮ್ 28ರಲ್ಲಿ ಎನ್‌ಓಸಿ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಆಮದು ಕಾರಿಗೆ ಇಲ್ಲಿ ತೆರಿಗೆಯ ದರವೂ ಜಾಸ್ತಿ. ಪುದುಚೇರಿ ನಂಬರ್‌ನ ಕಾರುಗಳು ಮುಂಬೈಯಲ್ಲಿ ಅಗ್ಗಕ್ಕೆ ಕಂಡರೆ ಅದಕ್ಕೂ ಇದೇ ಕಾರಣ. ಆ ತೆರಿಗೆಯನ್ನು ಬೆಲೆಗೆ ಸೇರಿಸಿ ನೋಡಿದರೆ ಅಗ್ಗವೂ ಅಲ್ಲ, ಏನೂ ಅಲ್ಲ. ಹಳದಿ ಕಾರನ್ನು ಬಿಟ್ಟು ಬರಲು ಹೊಟ್ಟೆ ಉರಿಯಿತು. ಆದರೂ ಬಿಟ್ಟುಬಂದೆ.

ಕೊನೆಗೆ ಕಾರು ಸಿಕ್ಕಿದ್ದು ಪುಣೆಯಲ್ಲಿ, ಮಾಟುಂಗದ ಒಂದು ಹೋಟೆಲಿನ ಕಾಫಿ ಮಾತಿನಿಂದ. ನನ್ನ ಹುಡುಕಾಟದ ವಿಷಯ ತಿಳಿದಿದ್ದ ಹಿರಿಯರೊಬ್ಬರು ಹೇಳಿದರು, ಔಂಧ್‌ನಲ್ಲಿ ಧಾರವಾಡ ಕಡೆಯ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ, ಅವರ ಹತ್ತಿರ ಇಂಥದ್ದೊಂದು ಕಾರಿದೆ, ಬೆನ್ನು ನೋವಿನಿಂದ ಈಗ ಕೂತು ಏಳಲು ಆಗುತ್ತಿಲ್ಲವಂತೆ. ಫೋನ್ ಮಾಡಿದೆ. ಮೊದಲ ಪ್ರಶ್ನೆ ಅವರದ್ದೇ: "ಓಡಸ್ತೀರೋ, ನಿಲ್ಲಸ್ತೀರೋ?" ಓಡಿಸುತ್ತೇನೆ ಎಂದೆ. "ಹಂಗಾದ್ರ ಬರ್ರಿ."

2010ರ ಕಾರು, ಬೂದು ಬಣ್ಣ, ಮ್ಯಾನುಯಲ್. ಮೀಟರ್‌ನಲ್ಲಿ 58,000. ಡೀಲರ್‌ಗಳು ಈ ಸಂಖ್ಯೆ ಕೇಳಿದರೆ ಮುಖ ತಿರುಗಿಸುತ್ತಾರೆ. ನನಗೆ ಅದೇ ಇಷ್ಟವಾಯಿತು. ಕಂಟ್ರೋಲ್ ಯೂನಿಟ್‌ನಲ್ಲಿ 1,650 ಗಂಟೆ, ಅಂದರೆ ಸರಾಸರಿ 35 ಕಿಲೋಮೀಟರ್ ವೇಗ. ಹೆದ್ದಾರಿಯಲ್ಲಿ ಓಡಿದ ಕಾರು. ಅವರು ವರ್ಷಕ್ಕೆರಡು ಸಲ ಕೊಲ್ಹಾಪುರ, ಬೆಳಗಾವಿ ದಾಟಿ ಧಾರವಾಡಕ್ಕೆ ಅದರಲ್ಲೇ ಹೋಗುತ್ತಿದ್ದರಂತೆ. ಮಾತಿಗೂ ಲೆಕ್ಕಕ್ಕೂ ತಾಳೆಯಾಯಿತು.

ಮ್ಯಾನುಯಲ್ ಕಾರಿನಲ್ಲಿ ನೋಡಲೇಬೇಕಾದ ಇನ್ನೊಂದು ಲೆಕ್ಕವಿದೆ. ಐದನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದರೆ ಎಂಜಿನ್ ತನ್ನ ಮಿತಿ ಮೀರಿ ತಿರುಗುತ್ತದೆ. ಇಂಥ ಪ್ರತಿ ಘಟನೆಯನ್ನೂ ಯೂನಿಟ್ ಆರು ಹಂತಗಳಲ್ಲಿ ಬರೆದಿಡುತ್ತದೆ, ಕೊನೆಯ ಸಲ ಯಾವ ಗಂಟೆಯಲ್ಲಿ ಆಯಿತು ಎಂಬುದನ್ನೂ ಸೇರಿಸಿ. ಮೊದಲೆರಡು ಹಂತದಲ್ಲಿ ಸಂಖ್ಯೆ ಇದ್ದರೆ ಚಿಂತೆಯಿಲ್ಲ, ಖುಷಿಯಿಂದ ಓಡಿಸಿದ್ದಾರೆ ಅಷ್ಟೇ. ಮೇಲಿನ ಹಂತಗಳಲ್ಲಿ ಇದ್ದರೆ ಎರಡು ಸಲ ಯೋಚಿಸಬೇಕು. ಈ ಕಾರಿನಲ್ಲಿ ನಾಲ್ಕರಿಂದ ಮೇಲೆ ಎಲ್ಲ ಸೊನ್ನೆ.

ಚಾಸಿಸ್ ನಂಬರ್ ಓದುವುದು ನನಗೆ ಬಹಳ ಇಷ್ಟದ ಕೆಲಸ. ಡಬ್ಲ್ಯೂಪಿ0 ಎಂದು ಶುರುವಾದರೆ ಪೋರ್ಷೆಯ ಕಾರು. ಹತ್ತನೇ ಅಕ್ಷರ ಎ ಇದ್ದರೆ 2010ರ ಮಾದರಿ. ಹನ್ನೊಂದನೆಯದು ಕಾರ್ಖಾನೆ. ಇದರಲ್ಲಿ ಯು ಇತ್ತು. ಅಂದರೆ ಫಿನ್‌ಲೆಂಡ್‌ನ ಊಸಿಕೌಪುಂಕಿ. ಆ ಕಾಲದ ಬಹಳಷ್ಟು ಬಾಕ್ಸ್‌ಸ್ಟರ್‌ಗಳು ಜರ್ಮನಿಯಲ್ಲಲ್ಲ, ಅಲ್ಲಿ ತಯಾರಾದವು. ಚಾಸಿಸ್ ಮೇಲಿನ ಸಂಖ್ಯೆ, ಆರ್‌ಸಿ, ಸರ್ವಿಸ್ ಪುಸ್ತಕ, ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಎಂಬ ಆಮದಿನ ದಾಖಲೆ, ನಾಲ್ಕೂ ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ನೋಡಿದೆ. ಆಮದು ಕಾರಿನಲ್ಲಿ ಇದನ್ನು ಬಿಡಲೇಬಾರದು.

ಓಡಿಸಿ ನೋಡುವ ದಿನ ಬೆಳಿಗ್ಗೆ ಬೇಗ ಹೋದೆ. ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಸೈಲೆನ್ಸರ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಸ್ಟಾರ್ಟ್ ಮಾಡಿದಾಗ ಒಂದು ಉಸಿರಿನಷ್ಟು ನೀಲಿ ಹೊಗೆ ಬಂತು, ನಿಂತಿತು. ಈ ಎಂಜಿನ್‌ನ ಸಿಲಿಂಡರ್‌ಗಳು ಅಡ್ಡ ಮಲಗಿರುವುದರಿಂದ ರಾತ್ರಿ ಸ್ವಲ್ಪ ಆಯಿಲ್ ಒಳಗೆ ಸರಿಯುತ್ತದೆ. ಅಷ್ಟು ಹೊಗೆ ಸಹಜ, ನಿಲ್ಲದಿದ್ದರೆ ಮಾತ್ರ ಭಯ. ಪೌಡ್ ರಸ್ತೆ ದಾಟಿ ಮುಳಶಿ ಕಡೆಗೆ ಹೋದೆವು. ಎರಡನೇ ಗೇರ್ ತಣ್ಣಗಿರುವಾಗಲೂ ಕಿರಿಕಿರಿ ಇಲ್ಲದೆ ಬಿತ್ತು. ಟಾಪ್ ತೆರೆದೆ. ಹನ್ನೆರಡು ಸೆಕೆಂಡ್, 50 ಕಿಲೋಮೀಟರ್ ವೇಗದವರೆಗೂ ಓಡುತ್ತಲೇ ತೆರೆಯುತ್ತದೆ. ತಿರುವಿನಲ್ಲಿ ಕಾರು ಹೇಗೆ ತಿರುಗುತ್ತದೆ ಅಂತೀರಿ! ಭಾರವೆಲ್ಲ ಮಧ್ಯದಲ್ಲಿ ಇರುವುದರಿಂದ ಸ್ಟೀರಿಂಗ್ ಅಲುಗಿಸಿದರೆ ಸಾಕು, ಇಡೀ ಕಾರು ನಮ್ಮ ಸೊಂಟದಿಂದ ತಿರುಗಿದಂತೆ ಅನ್ನಿಸುತ್ತದೆ. ಇಷ್ಟು ದಿನ ಹುಡುಕಿದ್ದು ಇದಕ್ಕೇ.

ಚೌಕಾಸಿ ದೊಡ್ಡದಾಗಲಿಲ್ಲ. ಮೆಕ್ಯಾನಿಕ್ ಮುಂದೆ ಬರುವ ಕೆಲಸಗಳನ್ನು ಕಾಗದದಲ್ಲಿ ಬರೆದರು: ನಾಲ್ಕು ಟೈರು, ನೀರಿನ ಪಂಪ್, ಹಿಂದಿನ ಸಸ್ಪೆನ್ಷನ್ ಬುಷ್‌ಗಳು. ಅದರ ಅರ್ಧ ಖರ್ಚನ್ನು ಮಾಲೀಕರು ಬೆಲೆಯಲ್ಲಿ ಇಳಿಸಿದರು. ಅದಲ್ಲದೆ, ಬೆಲೆಯ ಐದನೇ ಒಂದು ಭಾಗವನ್ನು ನಾನು ರಿಪೇರಿಗೆಂದು ಮೊದಲೇ ಬೇರೆ ಇಟ್ಟಿದ್ದೆ. ಅಷ್ಟು ಹಣ ಕೈಯಲ್ಲಿ ಉಳಿಯದಿದ್ದರೆ ಇಂಥ ಕಾರು ಕೊಳ್ಳಬಾರದು.

ಕಾರಿಗೆ ಹದಿನೈದು ವರ್ಷ ಮುಗಿದಿದ್ದರಿಂದ ಆರ್‌ಸಿ ನವೀಕರಣ ಆಗಿದೆಯೇ ಎಂದು ನೋಡುವುದು ಮುಖ್ಯವಾಗಿತ್ತು. ಫಾರ್ಮ್ 25ರಲ್ಲಿ ಅರ್ಜಿ, ಕಾರಿನ ತಪಾಸಣೆ, ಪರಿಸರ ತೆರಿಗೆ. ದೇಶದಲ್ಲಿ ತಯಾರಾದ ಕಾರಿಗೆ ಈ ನವೀಕರಣದ ಶುಲ್ಕ 5,000 ರೂಪಾಯಿ. ಆಮದು ಕಾರಿಗೆ 40,000. ಇಪ್ಪತ್ತು ವರ್ಷ ದಾಟಿದರೆ ಇನ್ನೂ ಜಾಸ್ತಿ. ಹಳೆಯ ಮಾಲೀಕರು ಎಲ್ಲ ಮುಗಿಸಿ ಮುಂದಿನ ಐದು ವರ್ಷಕ್ಕೆ ಮಾಡಿಸಿಟ್ಟಿದ್ದರು. ಪುಣೆಯ ಕಾರಾದ್ದರಿಂದ ಎಂಎಚ್-12 ನಂಬರ್ ಹಾಗೇ ಉಳಿಯಿತು, ಮತ್ತೆ ತೆರಿಗೆಯಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಇಬ್ಬರೂ ಸಹಿ ಹಾಕಿದೆವು. ಹಳೆಯ ಸಾಲ ತೀರಿದ್ದಕ್ಕೆ ಫಾರ್ಮ್ 35 ಫೈಲಿನಲ್ಲೇ ಇತ್ತು. ಬಾಕಿ ಚಲನ್‌ಗಳನ್ನು ಆನ್‌ಲೈನ್‌ನಲ್ಲಿ ನೋಡಿ, ಅವರು ನನ್ನ ಎದುರಿಗೇ ಕಟ್ಟಿದರು.

ವಿಮೆಯನ್ನು ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ, ಅವರದ್ದೇ, ಅದು ಕಾರಿನ ಜೊತೆ ಬರುವುದಿಲ್ಲ. ಐದು ವರ್ಷ ದಾಟಿದ ಕಾರಿಗೆ ವಿಮಾ ಮೌಲ್ಯವನ್ನು ಕಂಪನಿ ಮತ್ತು ನಾವು ಮಾತಾಡಿ ಒಪ್ಪಿಕೊಳ್ಳಬೇಕು. ಅವರು ಹೇಳಿದ ಮೊದಲ ಮೊತ್ತಕ್ಕೆ ಹೂಂ ಎನ್ನಬೇಡಿ. ಖರೀದಿ ಪತ್ರ, ಸರ್ವಿಸ್ ಬಿಲ್ಲು, ಫೋಟೋ ಎಲ್ಲ ಮುಂದಿಟ್ಟು ಮಾತಾಡಿದೆ, ಮೌಲ್ಯ ಏರಿತು.

ಈಗ ಕಾರು ಮುಲುಂಡ್‌ನಲ್ಲಿದೆ. ಟೈರು, ನೀರಿನ ಪಂಪ್ ಬದಲಾಗಿವೆ. ಬುಷ್‌ಗಳು ಬರಬೇಕು. ಮಳೆಗಾಲಕ್ಕೆ ಮುಂಚೆ ಬಂಪರ್ ಬಿಚ್ಚಿ ರೇಡಿಯೇಟರ್ ತೊಳೆಸಿ, ಟಾಪ್‌ನ ತೂತುಗಳಿಗೆ ನೀರು ಬಿಟ್ಟು ನೋಡಿದೆವು. ಎರಡೂ ಬದಿಯಲ್ಲಿ ಸರಾಗವಾಗಿ ಇಳಿಯಿತು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಮಳೆ ಬಿಟ್ಟ ಬೆಳಿಗ್ಗೆ ಹೊರಗೆ ತೆಗೆಯುತ್ತೇನೆ, ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವವರೆಗೆ ಓಡಿಸುತ್ತೇನೆ. ಬುಷ್ ಕೆಲಸ ಮುಗಿದ ಕೂಡಲೇ ಧಾರವಾಡಕ್ಕೆ ಒಂದು ಸಲ ಹೋಗಿಬರುವ ಮಾತಾಗಿದೆ. ಪಕ್ಕದ ಸೀಟಿನಲ್ಲಿ ಹಳೆಯ ಮಾಲೀಕರು ಬರುತ್ತೇನೆ ಎಂದಿದ್ದಾರೆ, ಬೆನ್ನಿಗೆ ದಿಂಬು ಇಟ್ಟುಕೊಂಡಾದರೂ.