ಆಕ್ಷೇಪಣೆ ಬಂದ ಟ್ರೇಡ್‌ಮಾರ್ಕ್ ಅರ್ಜಿ: ವಿಚಾರಣೆಗೆ ಸಿದ್ಧವಾಗುವ ಬಗೆ

ಅರ್ಜಿಯ ಸ್ಥಿತಿ ತೋರಿಸುವ ಪುಟದಲ್ಲಿ ‘ಆಬ್ಜೆಕ್ಟೆಡ್’ ಎಂಬ ಪದ ಕಂಡೊಡನೆ ಯಾರೋ ಪ್ರತಿಸ್ಪರ್ಧಿ ತಮ್ಮ ಮೇಲೆ ದಾವೆ ಹೂಡಿದ್ದಾರೆಂದು ಗಾಬರಿಯಾಗುವವರಿದ್ದಾರೆ. ಹಾಗೇನೂ ಅಲ್ಲ. ‘ಅಪೋಸ್ಡ್’ ಎಂದಿದ್ದರೆ ಮಾತ್ರ ಅದು ಹೊರಗಿನವರ ವಿರೋಧ. ಮುದ್ರೆಯು, ಅಂದರೆ ನೋಂದಣಿ ಕೋರಿದ ಟ್ರೇಡ್‌ಮಾರ್ಕ್, ನೋಂದಣಿ ಕಚೇರಿಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ನಂತರದ 4 ತಿಂಗಳಲ್ಲಿ ಯಾರು ಬೇಕಾದರೂ ಅದನ್ನು ಸಲ್ಲಿಸಬಹುದು. ಆಕ್ಷೇಪಣೆ ಬರುವುದು ಅದಕ್ಕಿಂತ ಮೊದಲು, ನೋಂದಣಿ ಕಚೇರಿಯ ಪರೀಕ್ಷಕರಿಂದಲೇ. ಪರೀಕ್ಷಾ ವರದಿ ಕೈಸೇರಿದ ಒಂದು ತಿಂಗಳೊಳಗೆ ಲಿಖಿತ ಉತ್ತರ ಕೊಡಬೇಕು; ಆ ಉತ್ತರ ಸಮಾಧಾನ ತರದಿದ್ದರೆ ವಿಚಾರಣೆಯ ದಿನಾಂಕ ಗೊತ್ತಾಗುತ್ತದೆ. ಆ ವಿಚಾರಣೆ ಹೆಚ್ಚಿನ ಸಂದರ್ಭಗಳಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದ್ದಾದ್ದರಿಂದ, ಗೆಲುವು ಸೋಲುಗಳು ಬಹುಪಾಲು ಅದಕ್ಕೆ ಮುಂಚೆ ಕಡತ ಸೇರಿದ ಕಾಗದಗಳಲ್ಲೇ ನಿರ್ಧಾರವಾಗಿರುತ್ತವೆ.

ಆದ್ದರಿಂದ ಮೊದಲ ಕೆಲಸವೆಂದರೆ ಪರೀಕ್ಷಾ ವರದಿಯನ್ನು ಪೆನ್ಸಿಲ್ ಹಿಡಿದು ಓದುವುದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಯಾವ ಕಲಂ, ಯಾವ ಉಪಕಲಂ ಅಡಿಯಲ್ಲಿ ಆಕ್ಷೇಪ ಎತ್ತಿದ್ದಾರೆಂಬುದೇ ನಿಮ್ಮ ವಾದದ ದಿಕ್ಕನ್ನು ಗೊತ್ತುಮಾಡುತ್ತದೆ. 9ನೇ ಕಲಂ ಎಂದಿದ್ದರೆ ತಕರಾರು ಮುದ್ರೆಯ ಬಗ್ಗೆಯೇ: ಅದಕ್ಕೆ ತನ್ನದೇ ಗುರುತಿಲ್ಲ, ಅಥವಾ ಅದು ಸರಕಿನ ಬಗೆಯನ್ನೋ ಗುಣವನ್ನೋ ಊರನ್ನೋ ಬಣ್ಣಿಸುತ್ತದೆ ಎಂದರ್ಥ. 11ನೇ ಕಲಂ ಎಂದಿದ್ದರೆ, ಇನ್ನೊಬ್ಬರ ಹಳೆಯ ಮುದ್ರೆಯೊಂದಿಗೆ ಗೊಂದಲವಾಗಬಹುದೆಂಬ ಶಂಕೆ. ಎರಡಕ್ಕೂ ಒಂದೇ ಉತ್ತರವನ್ನು ನಕಲು ಮಾಡಿ ಕಳುಹಿಸುವ ರೂಢಿ ಬೇಸರ ತರಿಸುವಷ್ಟು ಸಾಮಾನ್ಯವಾಗಿದೆ.

ಕನ್ನಡದ ಹೆಸರಿಟ್ಟವರು ಒಂದು ಮಾತನ್ನು ನೆನಪಿಡಬೇಕು. ಮುದ್ರೆಯಲ್ಲಿ ಕನ್ನಡ ಲಿಪಿಯಿದ್ದರೆ ಅದರ ಲಿಪ್ಯಂತರವನ್ನೂ ಅರ್ಥವನ್ನೂ ಅರ್ಜಿಯಲ್ಲಿ ಕೊಡಬೇಕಾಗುತ್ತದೆ; ಪರೀಕ್ಷಕರು ತೂಗುವುದು ಆ ಅರ್ಥವನ್ನೂ ಸೇರಿಸಿಯೇ. ಸಾಂಬಾರ್ ಪುಡಿಗೆ ‘ರುಚಿಕರ’ ಎಂದು ಹೆಸರಿಟ್ಟು, ಇಂಗ್ಲಿಷ್‌ನಲ್ಲಿ ಈ ಪದವಿಲ್ಲ, ಆದ್ದರಿಂದ ಇದು ವಿಶಿಷ್ಟ ಎಂದು ವಾದಿಸಿದರೆ ನಿಲ್ಲದು. ಮೆಣಸಿನಪುಡಿಗೆ ‘ಬ್ಯಾಡಗಿ’ ಎಂದಿಟ್ಟರಂತೂ ತೊಡಕು ಇಮ್ಮಡಿ, ಏಕೆಂದರೆ ಅದು ಊರಿನ ಹೆಸರಷ್ಟೇ ಅಲ್ಲ, ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ.

9(1)ನೇ ಕಲಮಿನ ಆಕ್ಷೇಪಕ್ಕೆ ಕಾಯ್ದೆಯೇ ಒಂದು ಹಾದಿ ತೆರೆದಿದೆ. ಬಳಕೆಯಿಂದ ಮುದ್ರೆಯು ವಿಶಿಷ್ಟ ಗುರುತನ್ನು ಗಳಿಸಿದ್ದರೆ ಅದನ್ನು ನಿರಾಕರಿಸುವಂತಿಲ್ಲ. ಆದರೆ ಆ ಗಳಿಕೆ ಅರ್ಜಿ ಸಲ್ಲಿಸಿದ ದಿನಾಂಕಕ್ಕಿಂತ ಮೊದಲಿನದಾಗಿರಬೇಕು. ಬಹಳಷ್ಟು ಜನ ಎಡವುವುದು ಇಲ್ಲಿಯೇ. ಅರ್ಜಿ ಹಾಕಿದ ಮೇಲಿನ ಬಿಲ್ಲುಗಳು, ಹೋದ ತಿಂಗಳು ತೆಗೆದ ಅಂಗಡಿಯ ಫೋಟೊಗಳು ಎಷ್ಟೇ ದಪ್ಪ ಕಟ್ಟಾದರೂ ಈ ಅಂಶವನ್ನು ಸಾಧಿಸುವುದಿಲ್ಲ. ವರ್ಷವಾರು ಒಂದೆರಡು ಬಿಲ್ಲು, ಜಾಹೀರಾತಿನ ಖರ್ಚಿನ ರಸೀದಿ, ಪೊಟ್ಟಣದ ಮುದ್ರಣದ ಬಿಲ್ಲು, ವಹಿವಾಟಿನ ಬಗ್ಗೆ ಲೆಕ್ಕಪರಿಶೋಧಕರ ದೃಢೀಕರಣ, ಇವನ್ನೆಲ್ಲ ಒಂದು ಅಫಿಡವಿಟ್ಟಿಗೆ ಲಗತ್ತಿಸಿ, ಪುಟಸಂಖ್ಯೆ ಹಾಕಿ, ವಿಚಾರಣೆಗೆ ಮುನ್ನವೇ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಬಿಲ್ಲಿನ ಮೇಲೆ ಸಂಸ್ಥೆಯ ಹೆಸರು ಮಾತ್ರವಿದ್ದು ಮುದ್ರೆಯೇ ಕಾಣದಿದ್ದರೆ ಅದರಿಂದ ಪ್ರಯೋಜನ ಕಡಿಮೆ. ‘ಮುಂದೆ ಬಳಸುವ ಉದ್ದೇಶವಿದೆ’ ಎಂದು ಅರ್ಜಿಯಲ್ಲಿ ಬರೆದವರು ಈ ಹಾದಿಯನ್ನು ಮರೆತು, ಮುದ್ರೆಯು ಹುಟ್ಟಿನಿಂದಲೇ ವಿಶಿಷ್ಟವೆಂದು ತೋರಿಸುವತ್ತ ಗಮನ ಕೊಡುವುದು ಲೇಸು.

11ನೇ ಕಲಮಿನ ಆಕ್ಷೇಪವಿದ್ದಾಗ, ವರದಿಯಲ್ಲಿ ಹೆಸರಿಸಿದ ಪ್ರತಿಯೊಂದು ಹಳೆಯ ಮುದ್ರೆಯ ಇಂದಿನ ಸ್ಥಿತಿಯನ್ನು ವಿಚಾರಣೆಗೆ ಎರಡು ದಿನ ಮುಂಚೆ ಮತ್ತೊಮ್ಮೆ ನೋಡಬೇಕು. ಅದು ತಿರಸ್ಕೃತವಾಗಿರಬಹುದು, ಕೈಬಿಟ್ಟುಹೋಗಿರಬಹುದು, ಇಲ್ಲವೇ 10 ವರ್ಷದ ಅವಧಿ ಮುಗಿದು ನವೀಕರಣವಾಗದೆ ಉಳಿದಿರಬಹುದು. ಜೀವಂತವಾಗಿ ಉಳಿದವುಗಳಿಗೆ ಮಾತ್ರ ವಾದ ಬೇಕು. ಅವುಗಳ ಮಾಲೀಕರು ಒಪ್ಪಿಗೆಪತ್ರ ಕೊಟ್ಟರೆ ಅದನ್ನೂ ಪರಿಗಣಿಸಬಹುದೆಂದು ಕಾಯ್ದೆ ಹೇಳುತ್ತದೆ.

ಸರಕುಗಳ ವ್ಯತ್ಯಾಸವನ್ನು ವಾದಿಸುವವರಿಗೆ ನಮ್ಮ ಊರಿನದೇ ಮೊಕದ್ದಮೆಯೊಂದು ಆಧಾರವಾಗಿದೆ. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ‘ನಂದಿನಿ’ ಹೆಸರನ್ನು ಬಳಸುತ್ತಿತ್ತು. ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ತಮ್ಮ ಉಪಾಹಾರಗೃಹಗಳಿಗೆ ಅದೇ ಹೆಸರಿಟ್ಟಿದ್ದರು. ಅದು ಜರ್ನಲ್ ಪ್ರಕಟಣೆಯ ನಂತರದ ವಿರೋಧದ ಪ್ರಕರಣವಾದರೂ, 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೋಟೆಲಿನವರ ಪರ ಕೊಟ್ಟ ತೀರ್ಪಿನ ತರ್ಕ ಇಲ್ಲಿಗೂ ಸಲ್ಲುತ್ತದೆ: ನೋಂದಣಿಗಾಗಿ ಸರಕುಗಳನ್ನು ವಿಂಗಡಿಸಿದ ಒಂದೇ ವರ್ಗದಲ್ಲಿ (ಕ್ಲಾಸ್) ಬಂದ ಮಾತ್ರಕ್ಕೆ ಸರಕುಗಳು ಸಮಾನವಾಗುವುದಿಲ್ಲ. ಹೋಟೆಲಿನವರು ಹಾಲು ಮತ್ತು ಹಾಲಿನ ಉತ್ಪನ್ನಗಳ ಮೇಲಿನ ಹಕ್ಕುಕೋರಿಕೆಯನ್ನು ಬಿಟ್ಟುಕೊಟ್ಟಿದ್ದರೆಂಬುದನ್ನೂ ಗಮನಿಸಬೇಕು. ಸರಕುಗಳ ಪಟ್ಟಿಯನ್ನು ಟಿಎಂ-ಎಂ ನಮೂನೆಯ ಮೂಲಕ ಕಿರಿದುಗೊಳಿಸಬಹುದು. ಅರ್ಜಿಯಲ್ಲಿ ಇಲ್ಲದ್ದನ್ನು ಹೊಸದಾಗಿ ಸೇರಿಸಲಾಗದು. ನೀವು ಎಂದೂ ಮಾರದ ಹತ್ತು ಸರಕುಗಳಿಗಾಗಿ ಮಾರುವ ಒಂದನ್ನು ಪಣಕ್ಕಿಡುವುದರಲ್ಲಿ ಅರ್ಥವಿಲ್ಲ.

ಹೆಸರಿನ ಹೋಲಿಕೆಯ ಬಗ್ಗೆ ಮಾತಾಡುವಾಗ ಅಕ್ಷರಗಳನ್ನು ಬಿಡಿಬಿಡಿಯಾಗಿ ಎಣಿಸುವುದು ದುರ್ಬಲ ವಾದ. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ಬುದ್ಧಿಯ, ಅರೆಬರೆ ನೆನಪಿನ ಗ್ರಾಹಕನ ಕಿವಿಗೆ ಇಡೀ ಹೆಸರು ಹೇಗೆ ಬೀಳುತ್ತದೆಂದು ನೋಡಿ, ಎರಡೂ ಹೋಲುತ್ತವೆ ಎಂದಿತು. ಆದರೂ ಮೊದಲನೆಯವರು ಬಹುಕಾಲ ಸುಮ್ಮನಿದ್ದುದನ್ನು ಗಮನಿಸಿ, ಉತ್ತರ ಪ್ರದೇಶಕ್ಕೆ ಸೀಮಿತವಾಗಿ ‘ಲಕ್ಷ್ಮಣಧಾರಾ’ದ ನೋಂದಣಿಯನ್ನು ಉಳಿಸಿತು. ಪ್ರಾಮಾಣಿಕವಾಗಿ ಜೊತೆಜೊತೆಗೆ ಬಳಸಿಕೊಂಡು ಬಂದವರಿಗೆ ಇಂದಿನ ಕಾಯ್ದೆಯ 12ನೇ ಕಲಂ ಇರುವುದು ಇಂಥ ಸಂದರ್ಭಕ್ಕಾಗಿಯೇ.

ಎರಡೂ ಕಲಂಗಳ ಆಕ್ಷೇಪ ಒಟ್ಟಿಗೆ ಬಂದಾಗ ಜಾಗ್ರತೆ ಬೇಕು. ಹಳೆಯ ಮುದ್ರೆಯನ್ನು ತಪ್ಪಿಸಿಕೊಳ್ಳಲು ‘ಈ ಪದವನ್ನು ಎಲ್ಲ ವ್ಯಾಪಾರಿಗಳೂ ಬಳಸುತ್ತಾರೆ’ ಎಂದು ಹೇಳಿದರೆ, ಅದೇ ಉಸಿರಿನಲ್ಲಿ ‘ಇದು ನಮ್ಮದೇ ವಿಶಿಷ್ಟ ಪದ’ ಎನ್ನಲಾಗದು.

ವಿಚಾರಣೆ ಈಗ ಸಾಮಾನ್ಯವಾಗಿ ವಿಡಿಯೊ ಮೂಲಕ ನಡೆಯುತ್ತದೆ. ಕರ್ನಾಟಕದ ಅರ್ಜಿದಾರರ ನೋಂದಣಿ ಕಚೇರಿ ಚೆನ್ನೈಯದು. ಅರ್ಜಿದಾರರು ಸ್ವತಃ ಹಾಜರಾಗಬಹುದು, ಇಲ್ಲವೇ ವಕೀಲರಿಗೋ ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟರಿಗೋ ಅಧಿಕಾರಪತ್ರ ಕೊಡಬಹುದು. ಒಂದು ಪುಟದ ಟಿಪ್ಪಣಿಯಲ್ಲಿ ಆಕ್ಷೇಪ, ಅದಕ್ಕೆ ನಿಮ್ಮ ಉತ್ತರ, ಆಧಾರ ದಾಖಲೆಯ ಪುಟಸಂಖ್ಯೆ ಇಷ್ಟನ್ನು ಬರೆದಿಟ್ಟುಕೊಂಡು, ಬಲವಾದ ಅಂಶದಿಂದಲೇ ಆರಂಭಿಸಬೇಕು. ವ್ಯವಹಾರ ಶುರುವಾದ ಕಥೆಯನ್ನು ಅಧಿಕಾರಿ ಕೇಳಿದರೆ ಮಾತ್ರ ಹೇಳಿದರೆ ಸಾಕು. ಬರಲಾಗದಿದ್ದರೆ ಮುಂಚಿತವಾಗಿ ಟಿಎಂ-ಎಂ ನಮೂನೆಯಲ್ಲಿ ಶುಲ್ಕ ಕಟ್ಟಿ ವಾಯಿದೆ ಕೇಳಬೇಕು. ಹೇಳದೆ ಗೈರಾದರೆ ಅರ್ಜಿ ಕೈತಪ್ಪಬಹುದು.

ಒಪ್ಪಿಗೆಯಾದರೆ ಮುದ್ರೆ ಜರ್ನಲ್‌ಗೆ ಹೋಗುತ್ತದೆ. ತಿರಸ್ಕೃತವಾದರೆ ಕಾರಣಗಳನ್ನು ಲಿಖಿತವಾಗಿ ಕೋರಲು 30 ದಿನ, ಮರುಪರಿಶೀಲನೆ ಕೇಳಲು ಒಂದು ತಿಂಗಳು, ಮೇಲ್ಮನವಿಗೆ 3 ತಿಂಗಳ ಅವಕಾಶವಿದೆ. ಮೇಲ್ಮನವಿ ಕೇಳುತ್ತಿದ್ದ ಪ್ರತ್ಯೇಕ ಮಂಡಳಿಯು 2021ರಲ್ಲಿ ರದ್ದಾದುದರಿಂದ ಅದನ್ನೀಗ ಹೈಕೋರ್ಟಿನಲ್ಲಿಯೇ ಸಲ್ಲಿಸಬೇಕು. ಈ ಗಡುವುಗಳು ಒಟ್ಟೊಟ್ಟಿಗೆ ಓಡುವುದರಿಂದ, ಆದೇಶ ಕೈಸೇರಿದ ದಿನವನ್ನು ಕಡತದ ಮೇಲೆಯೇ ಬರೆದಿಡಬೇಕು.